ಮಳೆಗಾಲದಲ್ಲಿ ಎರಡು ಡಬ್ಬಿ ಎನ್‌ಎಂಎನ್

ಮುಪ್ಪು ತಡೆಯುತ್ತದೆ ಅಂತ ಮಾರುವ ಎನ್‌ಎಂಎನ್ ಕ್ಯಾಪ್ಸೂಲಿನ ಎರಡನೇ ಡಬ್ಬಿ ತೆರೆದು ಹತ್ತು ದಿನ ಆಗಿತ್ತು. ಬೆಳಿಗ್ಗೆ ಅಂಗೈ ಮೇಲೆ ಬಗ್ಗಿಸಿದರೆ ಒಂದೂ ಬೀಳಲಿಲ್ಲ. ಚಮಚದ ಹಿಡಿಯಿಂದ ಕೆದಕಿದೆ. ಆರೇಳು ಕ್ಯಾಪ್ಸೂಲ್ ಒಂದಕ್ಕೊಂದು ಅಂಟಿಕೊಂಡು ಗಂಟಾಗಿ ಹೊರಗೆ ಬಂದವು. ಒಂದು ಒಡೆದು, ಒಳಗಿನ ಬಿಳಿ ಪುಡಿ ಒದ್ದೆ ರವೆಯ ಹಾಗಾಗಿತ್ತು. ಸಿರ್ಸಿಯ ಆಷಾಢದಲ್ಲಿ ಡಬ್ಬಿಯೊಳಗಿನ ಹಪ್ಪಳವೇ ಮೆತ್ತಗಾಗುತ್ತದೆ. ಆದರೆ ಡಬ್ಬಿಗೆ 2,800 ರೂಪಾಯಿ ತೆಗೆದುಕೊಳ್ಳುವವರು ತೇವ ಹೀರುವ ಪೊಟ್ಟಣ ಒಂದನ್ನಾದರೂ ಹಾಕಬೇಕಿತ್ತು. ಹಾಕಿರಲಿಲ್ಲ.

ನನಗೆ 61 ವರ್ಷ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಿಯಾದವಳು. ಮೇ ಕೊನೆಗೆ ಬೆಂಗಳೂರಿನಿಂದ ಮಗ ಮೂರು ಡಬ್ಬಿ ಕಳಿಸಿದ. "ಮರೆಯಡ ಆಯಿ, ದಿನಾ ತಗ" ಅಂತ ಫೋನಿನಲ್ಲಿ ಮತ್ತೆ ಮತ್ತೆ ಹೇಳಿದ. ಅವರಪ್ಪ ಹೋದ ಮೇಲೆ ನನ್ನ ಬಗ್ಗೆ ಅವನಿಗೆ ಹೆದರಿಕೆ ಜಾಸ್ತಿ. ಹಾಗಾಗಿ ತಪ್ಪದೆ ತೆಗೆದುಕೊಂಡೆ. ದಿನಕ್ಕೆ 250 ಮಿಲಿಗ್ರಾಂನ ಎರಡು, ತಿಂಡಿ ಆದ ಮೇಲೆ. ಕಂಪನಿಯ ಹೆಸರು ಬರೆಯುತ್ತಿಲ್ಲ.

ಏನಾಯಿತು ಅಂದರೆ, ಏನೂ ಆಗಲಿಲ್ಲ. ತೋಟದಿಂದ ಮನೆಗೆ 64 ಕಲ್ಲಿನ ಮೆಟ್ಟಿಲು. ಮೊದಲು ಎರಡು ಕಡೆ ನಿಲ್ಲುತ್ತಿದ್ದೆ, ಈಗಲೂ ಎರಡು ಕಡೆ ನಿಲ್ಲುತ್ತೇನೆ. ಖಾಲಿ ಹೊಟ್ಟೆಯ ಸಕ್ಕರೆ ಮೊದಲು 112, ಎರಡು ತಿಂಗಳ ನಂತರ 114. ಮಂಡಿ ನೋವು ಹಾಗೇ ಇದೆ. ಕೆಡುಕೂ ಆಗಲಿಲ್ಲ, ಅದನ್ನೂ ಹೇಳಬೇಕು.

ಎನ್‌ಎಂಎನ್‌ನಿಂದ ದೇಹ ಎನ್‌ಎಡಿ ಎಂಬ ವಸ್ತು ಮಾಡಿಕೊಳ್ಳುತ್ತದೆ. ಉಂಡಿದ್ದನ್ನು ಶಕ್ತಿಯಾಗಿಸಲು ಜೀವಕೋಶಕ್ಕೆ ಅದು ಬೇಕೇ ಬೇಕು. ವಯಸ್ಸಾದಂತೆ ಅದು ಕಡಿಮೆಯಾಗುತ್ತದೆ. ಇಷ್ಟರ ಮಟ್ಟಿಗೆ ಡಬ್ಬಿಯ ಮೇಲಿನ ಮಾತು ಸರಿಯೇ. 2021ರಲ್ಲಿ ಅಮೆರಿಕದಲ್ಲಿ, ಮುಟ್ಟು ನಿಂತ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 25 ಹೆಂಗಸರ ಮೇಲೆ ಹತ್ತು ವಾರ ಪರೀಕ್ಷೆ ಮಾಡಿದ್ದರು. ಕೆಲವರಿಗೆ ಎನ್‌ಎಂಎನ್, ಉಳಿದವರಿಗೆ ಮದ್ದೇ ಇಲ್ಲದ ಸುಮ್ನೆ ಮಾತ್ರೆ. ಎನ್‌ಎಂಎನ್ ತೆಗೆದುಕೊಂಡವರ ಸ್ನಾಯು ಇನ್ಸುಲಿನ್‌ಗೆ ಮೊದಲಿಗಿಂತ ಚೆನ್ನಾಗಿ ಸ್ಪಂದಿಸಿತು. ರಕ್ತದ ಸಕ್ಕರೆ ಇಳಿಯಲಿಲ್ಲ, ಬಿಪಿಯೂ ಇಳಿಯಲಿಲ್ಲ. ನನ್ನಂಥವರ ಮೇಲೇ ಮಾಡಿದ ಪರೀಕ್ಷೆ ಅದು, ಹಾಗಾಗಿ ನನ್ನ 114 ನೋಡಿ ಆಶ್ಚರ್ಯವೇನೂ ಆಗಲಿಲ್ಲ.

ಇಷ್ಟೇ ಆಗಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಡಬ್ಬಿಯ ಜೊತೆ ಮಡಚಿಟ್ಟ ಬಣ್ಣದ ಚೀಟಿ ಇತ್ತು. ಪ್ರೊಜೇರಿಯಾ ಮಕ್ಕಳ ಆಯುಷ್ಯವನ್ನೇ ಹೆಚ್ಚಿಸಿದ ವಿಜ್ಞಾನ ಈಗ ನಿಮ್ಮ ಮನೆಗೆ ಬಂದಿದೆ, ಎಂಬ ಅರ್ಥದ ಮಾತು ಅದರಲ್ಲಿ. ಓದಿ ಹೊಟ್ಟೆ ಉರಿಯಿತು.

ಪ್ರೊಜೇರಿಯಾ ಸುಮಾರು 40 ಲಕ್ಷ ಹೆರಿಗೆಯಲ್ಲಿ ಒಂದು ಮಗುವಿಗೆ ಬರುವ, ಎಳವೆಯಲ್ಲೇ ಮುಪ್ಪು ತರುವ ಕಾಯಿಲೆ. ಎಲ್‌ಎಂಎನ್‌ಎ ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರ ತಪ್ಪಾಗಿರುತ್ತದೆ. ಅದರಿಂದ ಪ್ರೊಜೆರಿನ್ ಎಂಬ ಕೆಟ್ಟ ಪ್ರೋಟೀನ್ ತಯಾರಾಗಿ, ಜೀವಕೋಶದ ನಡುವಿನ ಕೇಂದ್ರದ ಗೋಡೆಗೆ ಅಂಟಿಕೊಂಡು ಬಿಡುತ್ತದೆ. ಗೋಡೆ ಸೊಟ್ಟಗಾಗುತ್ತದೆ. ಮಗುವಿನ ಕೂದಲು ಉದುರುತ್ತದೆ, ಚರ್ಮ ಬಿಗಿಯುತ್ತದೆ, ರಕ್ತನಾಳ ಮುದುಕರದ್ದರಂತೆ ಗಟ್ಟಿಯಾಗುತ್ತದೆ. ಬುದ್ಧಿ ಮಾತ್ರ ಚುರುಕಾಗಿಯೇ ಇರುತ್ತದೆ. ಮದ್ದಿಲ್ಲದಿದ್ದರೆ ಹದಿನಾಲ್ಕು, ಹದಿನೈದಕ್ಕೆ ಹೃದಯ ನಿಲ್ಲುತ್ತದೆ. ಅಮೆರಿಕದ ಸ್ಯಾಮ್ ಬರ್ನ್ಸ್ ಎಂಬ ಹುಡುಗನಿಗೆ ಈ ಕಾಯಿಲೆ ಅಂತ ಗೊತ್ತಾದಾಗ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಅವನ ಅಪ್ಪ ಅಮ್ಮ ಇಬ್ಬರೂ ಡಾಕ್ಟರು. 1999ರಲ್ಲಿ ಅವರು ಇದಕ್ಕೆಂದೇ ಸಂಸ್ಥೆ ಕಟ್ಟಿದರು. ತಪ್ಪಾದ ಜೀನ್ 2003ರಲ್ಲಿ ಸಿಕ್ಕಿತು. ಕ್ಯಾನ್ಸರ್‌ಗೆಂದು ಮಾಡಿಟ್ಟಿದ್ದ ಲೋನಾಫಾರ್ನಿಬ್ ಎಂಬ ಮದ್ದು, ಆ ಪ್ರೋಟೀನ್ ಗೋಡೆಗೆ ಅಂಟದಂತೆ ತಡೆಯುತ್ತದೆ ಅಂತ ಗೊತ್ತಾಯಿತು. 2007ರಲ್ಲಿ ಬೋಸ್ಟನ್ನಿನಲ್ಲಿ ಮಕ್ಕಳಿಗೆ ಕೊಟ್ಟು ನೋಡಲು ಶುರು ಮಾಡಿದರು. ಸ್ಯಾಮ್ 2014ರಲ್ಲಿ ತೀರಿಕೊಂಡ, 17 ವರ್ಷಕ್ಕೆ. ಅಮೆರಿಕದಲ್ಲಿ ಆ ಮದ್ದಿಗೆ ಒಪ್ಪಿಗೆ ಸಿಕ್ಕಿದ್ದು 2020ರ ನವೆಂಬರಿನಲ್ಲಿ. ಹೆಚ್ಚು ವರ್ಷ ತೆಗೆದುಕೊಂಡ ಮಕ್ಕಳಿಗೆ ಸರಾಸರಿ ಎರಡೂವರೆ ವರ್ಷ ಆಯುಷ್ಯ ಹೆಚ್ಚಿತು.

ಆ ಎರಡೂವರೆ ವರ್ಷಕ್ಕೂ ನನ್ನ ಕ್ಯಾಪ್ಸೂಲಿಗೂ ಸಂಬಂಧವೇ ಇಲ್ಲ. ಮದ್ದು ಬೇರೆ, ಕೆಲಸ ಮಾಡುವ ರೀತಿ ಬೇರೆ. ಆ ಮಕ್ಕಳ ಹೆಸರು ಹೇಳಿ ಡಬ್ಬಿ ಮಾರುವುದು ತಪ್ಪು, ಅಲ್ವಾ?

ಕ್ಯಾಪ್ಸೂಲ್ ಅಂಟಿದ್ದಕ್ಕೆ ಡಬ್ಬಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಮಾತಾಡಿದ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು. ಡಬ್ಬಿ ಬದಲಿಸಿ ಕೊಡಲು ಆಗುವುದಿಲ್ಲ ಎಂದಳು. ಆಮೇಲೆ, "ಮೇಡಂ, ನಿಮಗೆ ರಿಸಲ್ಟ್ ಸಾಲದಿದ್ದರೆ ರಾಪಾಮೈಸಿನ್ ಬರೆದುಕೊಡುವ ಡಾಕ್ಟರ ಜೊತೆ ಫೋನಿನಲ್ಲೇ ಮಾತಾಡಿಸುತ್ತೇವೆ" ಎಂದಳು. ನಾನು ಬೇಡ ಎಂದು ಇಟ್ಟೆ.

ಯಾಕೆಂದರೆ ಆ ಮಾತ್ರೆ ನಮ್ಮ ಮನೆಯಲ್ಲೇ ಇದೆ. ನನ್ನ ಮೈದುನನಿಗೆ ಕಿಡ್ನಿ ಹಾಕಿಸಿದ ಮೇಲೆ ಅದನ್ನೇ ಕೊಟ್ಟಿದ್ದಾರೆ, ಸಿರೋಲಿಮಸ್ ಎಂಬ ಹೆಸರಿನಲ್ಲಿ. ಹೊಸ ಕಿಡ್ನಿಯನ್ನು ದೇಹ ಹೊರಗಿನದು ಅಂತ ತಿರಸ್ಕರಿಸಬಾರದಲ್ಲ, ಅದಕ್ಕೆ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಮದ್ದು ಅದು. ಶುರುವಿನಲ್ಲಿ ಬಾಯಿ ತುಂಬ ಹುಣ್ಣು. ಅಪ್ಪೆಹುಳಿ ಇಲ್ಲದೆ ಊಟ ಮುಗಿಸದ ಮನುಷ್ಯ, ಮೂರು ತಿಂಗಳು ಬರೀ ಮಜ್ಜಿಗೆ ಅನ್ನ ಉಂಡ. ಈಸ್ಟರ್ ದ್ವೀಪದ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾದಿಂದ ಇದನ್ನು ಬೇರ್ಪಡಿಸಿದ್ದು ಭಾರತ ಮೂಲದವರೇ ಆದ ವಿಜ್ಞಾನಿ ಸುರೇಂದ್ರನಾಥ್ ಸೆಹಗಲ್, ಕೆನಡಾದಲ್ಲಿ. 2009ರಲ್ಲಿ, 20 ತಿಂಗಳ ಮುದಿ ಇಲಿಗಳಿಗೆ ಕೊಟ್ಟಾಗ ಹೆಣ್ಣಿಲಿಗಳ ಆಯುಷ್ಯ ಶೇಕಡಾ 14, ಗಂಡಿನದ್ದು ಶೇಕಡಾ 9 ಹೆಚ್ಚಾಯಿತು. ಇದು ನಿಜಕ್ಕೂ ದೊಡ್ಡ ವಿಷಯ. ಅದರಿಂದ ಮನುಷ್ಯರಿಗೂ ಒಳ್ಳೆಯದಾಗಲಿ ಅಂತ ನನಗೂ ಆಸೆ ಇದೆ. ಆದರೆ ಆ ಇಲಿಗಳು ಇದ್ದದ್ದು ಪ್ರಯೋಗಾಲಯದ ಗೂಡಿನಲ್ಲಿ. ನಾನು ದರಕು, ಅಂದರೆ ಒಣಗಿದ ಎಲೆ, ಗುಡಿಸಿ ತರಲು ಬೆಟ್ಟಕ್ಕೆ ಹೋಗುವವಳು. ಕಾಲಿಗೆ ಉಣ್ಣಿ ಹತ್ತುತ್ತದೆ. ಪಕ್ಕದ ಸಿದ್ದಾಪುರದಲ್ಲಿ ಮಂಗನ ಕಾಯಿಲೆ, ಮಳೆಗಾಲಕ್ಕೆ ಇಲಿ ಜ್ವರ. ಇಂಥ ಜಾಗದಲ್ಲಿ ಇದ್ದ ಶಕ್ತಿಯನ್ನು ತಗ್ಗಿಸಿಕೊಳ್ಳುವ ಮಾತ್ರೆಯನ್ನು, ನಾಡಿಯನ್ನೂ ಹಿಡಿದು ನೋಡದ ಡಾಕ್ಟರಿಂದ ಬರೆಸಿಕೊಳ್ಳುವುದೇ?

ಐದರಲ್ಲಿ ಒಂದು ನಕ್ಷತ್ರ ಕೊಡುತ್ತೇನೆ, ಅದೂ ಪಾರ್ಸೆಲ್ ಹೇಳಿದ ದಿನವೇ ಮನೆಗೆ ಮುಟ್ಟಿದ್ದಕ್ಕೆ. ತೆಗೆದುಕೊಳ್ಳಲೇಬೇಕು ಅನ್ನುವವರು ಡಬ್ಬಿಯದ್ದು ಬೇಡ, ಒಂದೊಂದೇ ಒಡೆದು ತೆಗೆಯುವ ಪಟ್ಟಿಯದ್ದು ಸಿಕ್ಕರೆ ಕೊಳ್ಳಿ. ಸಕ್ಕರೆ ಮಾತ್ರೆ ನುಂಗುತ್ತಿರುವವರು ಮೊದಲು ನಿಮ್ಮ ಡಾಕ್ಟರಿಗೆ ತೋರಿಸಿ. ನನ್ನ ಮೂರನೇ ಡಬ್ಬಿ ಇನ್ನೂ ಒಡೆದಿಲ್ಲ. ಚೌತಿಗೆ ಮಗ ಬಂದಾಗ ಅವನ ಕೈಗೇ ಕೊಡುತ್ತೇನೆ, ಆ ಚೀಟಿಯ ಸಮೇತ.