ಸಿಇಟಿ ಫಂಕ್ಷನ್ ಲೆಕ್ಕಕ್ಕೆ ಡೆಸ್ಮಾಸ್: ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಮಳೆಗಾಲಕ್ಕೆ ಕರೆಂಟು ಹೋದರೆ ಬೆನ್ನಿಗೇ ನೆಟ್‌ವರ್ಕೂ ಹೋಗುತ್ತದೆ. ವಿಡಿಯೋ ಪಾಠವನ್ನೇ ನೆಚ್ಚಿಕೊಂಡ ಪಿಯು ಮಕ್ಕಳ ಓದು ಅಲ್ಲಿಗೆ ನಿಂತಂತೆ. ಡೆಸ್ಮಾಸ್ ಗ್ರಾಫಿಂಗ್ ಕ್ಯಾಲ್ಕುಲೇಟರ್ ಇಷ್ಟವಾಗುವುದು ಮೊದಲು ಈ ಕಾರಣಕ್ಕೆ. ಆ್ಯಪನ್ನು ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಗ್ರಾಫ್ ಬರೆಯುತ್ತದೆ, ದುಡ್ಡೂ ಕೊಡಬೇಕಿಲ್ಲ. ಗ್ರಾಫನ್ನು ಖಾತೆಯಲ್ಲಿ ಉಳಿಸಿಡಲು ಮಾತ್ರ ನೆಟ್ ಬೇಕು.

ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಡಿಜಿಟಲ್ ಪರೀಕ್ಷೆಯಲ್ಲಿ ಡೆಸ್ಮಾಸ್ ಪರದೆಯೊಳಗೇ ಸಿಗುತ್ತದೆ. ಅಲ್ಲಿ ಗಣಿತಕ್ಕೆ 70 ನಿಮಿಷ, 44 ಪ್ರಶ್ನೆ. ನಮ್ಮ ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ. ಆದ್ದರಿಂದ ಲೆಕ್ಕವನ್ನು ಮೊದಲು ಪೆನ್ನಿನಲ್ಲಿ ಬಿಡಿಸಿ, ಸರಿಯೋ ತಪ್ಪೋ ನೋಡಲು ಡೆಸ್ಮಾಸ್ ತೆರೆಯಿರಿ. ಗ್ರಾಫ್ ಮೊದಲು ನೋಡುವ ಅಭ್ಯಾಸವಾದರೆ ಪರೀಕ್ಷೆಯ ಹಾಲಿನಲ್ಲಿ ಕೈ ಓಡುವುದಿಲ್ಲ.

ರೇಂಜ್ (ಫಂಕ್ಷನ್ನಿನಿಂದ ಹೊರಬರುವ ಬೆಲೆಗಳು) ಲೆಕ್ಕಗಳಿಗೆ ಡೆಸ್ಮಾಸ್ ಬಹಳ ಚೆನ್ನಾಗಿದೆ. ಎಕ್ಸ್/(1+ಎಕ್ಸ್²) ಇದರ ರೇಂಜ್ ಕೇಳಿದ್ದಾರೆ ಎನ್ನಿ. ಇದನ್ನು ವೈ ಎಂದಿಟ್ಟರೆ ವೈಎಕ್ಸ್² − ಎಕ್ಸ್ + ವೈ = 0. ಎಕ್ಸ್ ವಾಸ್ತವ ಸಂಖ್ಯೆಯಾಗಬೇಕಾದರೆ 1 − 4ವೈ² ಸೊನ್ನೆಗಿಂತ ಕೆಳಗಿಳಿಯಬಾರದು; ಉತ್ತರ −1/2 ರಿಂದ 1/2. ಈಗ ಡೆಸ್ಮಾಸ್‌ನಲ್ಲಿ ಬರೆದು ಗೆರೆಯನ್ನು ಮುಟ್ಟಿ. ಏರಿಳಿತದ ತುದಿಗಳಲ್ಲಿ ಬೂದು ಚುಕ್ಕೆ ಮೂಡುತ್ತದೆ, ಅದನ್ನು ಒತ್ತಿದರೆ (1, 0.5) ಮತ್ತು (−1, −0.5). ಮೊದಲು ತೆರೆದಾಗ ಗೆರೆ ಅಕ್ಷಕ್ಕೆ ಅಂಟಿಕೊಂಡಂತೆ ಕಾಣಬಹುದು, ಎರಡು ಬೆರಳಲ್ಲಿ ಹಿಗ್ಗಿಸಿಕೊಳ್ಳಿ.

ಕಣ್ಣಿಗೆ ಮೋಸವಾಗುವುದು (2ಎಕ್ಸ್+1)/(ಎಕ್ಸ್−3) ರೀತಿಯವುಗಳಲ್ಲಿ. ಗೆರೆ ದೂರ ಹೋದಂತೆ ವೈ = 2 ಅನ್ನು ಮುಟ್ಟಿಯೇಬಿಟ್ಟಂತೆ ಕಾಣುತ್ತದೆ. ಮುಟ್ಟುವುದಿಲ್ಲ; ಮುಟ್ಟಬೇಕಾದರೆ 2ಎಕ್ಸ್+1 = 2(ಎಕ್ಸ್−3) ಆಗಬೇಕು, ಆದರೆ 2ಎಕ್ಸ್+1 ಎಂದೂ 2ಎಕ್ಸ್−6 ಆಗದು. ರೇಂಜಿನಿಂದ 2 ಅನ್ನು ಬಿಡಬೇಕು. ಹಾಗೆಯೇ (ಎಕ್ಸ್²−4)/(ಎಕ್ಸ್−2) ಬರೆದರೆ ಅಖಂಡ ನೇರ ಗೆರೆಯೇ ಕಾಣುತ್ತದೆ. ಟೇಬಲ್ ತೆರೆದು ಎಕ್ಸ್‌ಗೆ 2 ಕೊಟ್ಟರೆ ಅಲ್ಲಿ ಬೆಲೆಯಿಲ್ಲ ಎಂಬುದು ಗೊತ್ತಾಗುತ್ತದೆ.

ಕಾಂಪೋಸಿಟ್ ಫಂಕ್ಷನ್ನಿನ (ಒಂದರೊಳಗೆ ಇನ್ನೊಂದನ್ನು ಇಟ್ಟ ಫಂಕ್ಷನ್) ಡೊಮೇನ್, ಅಂದರೆ ಎಕ್ಸ್‌ಗೆ ಕೊಡಬಹುದಾದ ಬೆಲೆಗಳು, ತಲೆಗೆ ಹತ್ತದವರು ಇದೊಂದನ್ನು ಮಾಡಿ ನೋಡಲೇಬೇಕು. ಎಫ್ ಎಂದರೆ ಎಕ್ಸ್², ಜಿ ಎಂದರೆ √ಎಕ್ಸ್ ಎಂದು ಕೊಡಿ. ಎಫ್(ಜಿ(ಎಕ್ಸ್)) ಬರೆದರೆ ಸೊನ್ನೆಯಿಂದ ಬಲಕ್ಕೆ ಮಾತ್ರ ಅರ್ಧ ಗೆರೆ. ಜಿ(ಎಫ್(ಎಕ್ಸ್)) ಬರೆದರೆ ಎರಡೂ ಕಡೆ ಏರುವ ಮಾಡ್ಯುಲಸ್ ಗ್ರಾಫ್. ಉತ್ತರ ಬರೀ ಎಕ್ಸ್ ಎಂದು ಗುರುತು ಹಾಕಿ ಮಾರ್ಕ್ಸ್ ಕಳೆದುಕೊಳ್ಳುವುದು ಇಲ್ಲಿಯೇ.

ಒನ್-ಒನ್ (ಬೇರೆ ಬೇರೆ ಎಕ್ಸ್‌ಗೆ ಬೇರೆ ಬೇರೆ ಬೆಲೆ), ಆನ್‌ಟು (ಕೋಡೊಮೇನಿನ ಯಾವ ಅಂಶವೂ ಉಳಿಯದಂತೆ ಮುಟ್ಟುವುದು) ಪ್ರಶ್ನೆಗಳಲ್ಲಿ ಗ್ರಾಫನ್ನು ನಂಬಬೇಡಿ. ಎಕ್ಸ್² ವಾಸ್ತವ ಸಂಖ್ಯೆಗಳ ಮೇಲೆ ಒನ್-ಒನ್ ಅಲ್ಲ, ಸ್ವಾಭಾವಿಕ ಸಂಖ್ಯೆಗಳ ಮೇಲೆ ಹೌದು. ಆದರೆ ಡೆಸ್ಮಾಸ್ ತಾನಾಗಿ ವಾಸ್ತವ ಸಂಖ್ಯೆಗಳ ಗೆರೆಯನ್ನೇ ಎಳೆಯುತ್ತದೆ. ಕೋಡೊಮೇನ್ (ಬೆಲೆಗಳು ಇರಬೇಕೆಂದು ಪ್ರಶ್ನೆ ಹೇಳುವ ಗಣ) ಅಂತೂ ಗ್ರಾಫಿನಲ್ಲಿ ಕಾಣುವ ವಸ್ತುವೇ ಅಲ್ಲ, ಅದನ್ನು ಪ್ರಶ್ನೆಯಲ್ಲೇ ಓದಬೇಕು. ಮೂರು ಅಂಶದ ಗಣದಿಂದ ಎರಡು ಅಂಶದ ಗಣಕ್ಕೆ ಎಷ್ಟು ಆನ್‌ಟು ಫಂಕ್ಷನ್ ಎಂಬಂಥ ಪ್ರಶ್ನೆಗೂ ಇದು ಉಪಯೋಗವಿಲ್ಲ. ಒಟ್ಟು 2³ = 8, ಎಲ್ಲವೂ ಒಂದೇ ಅಂಶಕ್ಕೆ ಹೋಗುವ 2 ಕಳೆದರೆ 6.

ಇನ್ನೊಂದು ಗಮನಿಸಿ: ದ್ವಿತೀಯ ಪಿಯು ಪಠ್ಯದಲ್ಲಿ ಲಾಗ್ ಎಂದರೆ ಆಧಾರ ಇ, ಡೆಸ್ಮಾಸ್‌ನಲ್ಲಿ ಲಾಗ್ ಎಂದರೆ ಆಧಾರ 10. ಪಠ್ಯದ ಲೆಕ್ಕ ತಾಳೆ ನೋಡುವಾಗ ಆಧಾರ ಇ ಇರುವ ಎಲ್‌ಎನ್ (ln) ಒತ್ತಬೇಕು. ಗೊತ್ತಿಲ್ಲದಿದ್ದರೆ ಸರಿಯಾದ ಉತ್ತರವನ್ನೇ ಹೊಡೆದುಹಾಕುತ್ತೀರಿ.

ಎಫ್(ಎಕ್ಸ್) + 2ಎಫ್(1/ಎಕ್ಸ್) = 3ಎಕ್ಸ್ ಆದರೆ ಎಫ್(2) ಎಷ್ಟು? ಇದನ್ನು ಡೆಸ್ಮಾಸ್ ಬಿಡಿಸಿಕೊಡುವುದಿಲ್ಲ. ಎಕ್ಸ್‌ಗೆ 2 ಹಾಕಿ, ಆಮೇಲೆ 1/2 ಹಾಕಿ. ಎರಡು ಸಮೀಕರಣ ಬಿಡಿಸಿದರೆ ಉತ್ತರ −1. ಸಮಾಧಾನಕ್ಕೆ ಎಫ್(ಎಕ್ಸ್) = 2/ಎಕ್ಸ್ − ಎಕ್ಸ್ ಎಂದು ಕೊಟ್ಟು ಎಡಭಾಗವನ್ನು ಪೂರ್ತಿ ಬರೆದರೆ ಅದು 3ಎಕ್ಸ್ ಗೆರೆಯ ಮೇಲೇ ಕೂರುತ್ತದೆ.

ಫೋನಿನ ಪರದೆಯಲ್ಲಿ ಕೀಬೋರ್ಡ್ ಅರ್ಧ ಜಾಗ ನುಂಗುವುದು ನಿಜಕ್ಕೂ ಕಿರಿಕಿರಿ. ಡೆಸ್ಮಾಸ್ ಬ್ರೌಸರಿನಲ್ಲೂ ತೆರೆಯುವುದರಿಂದ ಕಾರವಾರ, ಕುಮಟಾ, ಶಿರಸಿಯ ಕಾಲೇಜುಗಳ ಗಣಿತ ಉಪನ್ಯಾಸಕರು ವಾರಕ್ಕೊಂದು ಪೀರಿಯಡ್ ಮಕ್ಕಳನ್ನು ಕಂಪ್ಯೂಟರ್ ಲ್ಯಾಬಿಗೆ ಕರೆದೊಯ್ದರೆ ದೊಡ್ಡ ಪರದೆಯಲ್ಲೇ ತಾಳೆ ನೋಡಬಹುದು.