ಶಾಲೆ ಮಕ್ಕಳ ಆಟದ ಲೆಕ್ಕ: 4,800 ರೂಪಾಯಿ ಆ್ಯಪ್ ಮತ್ತು 80 ರೂಪಾಯಿ ಪುಸ್ತಕ

ಯಾವ ಶಾಲೆಯ ಎಷ್ಟು ಮಕ್ಕಳು ಯಕ್ಷಗಾನಕ್ಕೆ ಬರುತ್ತಾರೆ ಎಂದು ಲೆಕ್ಕ ಇಡಲು ಆ್ಯಪ್ ಒಳ್ಳೆಯದೋ, ಪುಸ್ತಕವೋ? ಮೊದಲೇ ಹೇಳಿಬಿಡುತ್ತೇನೆ, ನಾನು 80 ರೂಪಾಯಿ ಪುಸ್ತಕದ ಕಡೆಯವನು. 4,800 ರೂಪಾಯಿ ಕೊಟ್ಟ ಆ್ಯಪ್ ಇನ್ನೂ ನನ್ನ ಮೊಬೈಲಿನಲ್ಲಿದೆ. ವರ್ಷದ ಚಂದಾ ಮುಗಿಯುವ ತನಕ ತೆಗೆಯಲು ಮನಸ್ಸು ಬರುತ್ತಿಲ್ಲ. ಖಜಾಂಚಿ ಬುದ್ಧಿ, ಅಷ್ಟೆ.

ನಮ್ಮದು ಕುಮಟಾ-ಹೊನ್ನಾವರ ಕಡೆಯ ಸಣ್ಣ ಸಂಘ. ಮಕ್ಕಳಿಗೆ ಯಕ್ಷಗಾನದ ಹೆಜ್ಜೆ ಕಲಿಸುತ್ತೇವೆ. ವರ್ಷಕ್ಕೆ ನಾಲ್ಕಾರು ಆಟ, ಅಂದರೆ ಯಕ್ಷಗಾನ ಪ್ರದರ್ಶನ, ಮಾಡಿಸುತ್ತೇವೆ. ಸುತ್ತಲಿನ 14 ಶಾಲೆಗಳ ಜೊತೆ ಒಡನಾಟ ಇದೆ. ಎರಡು ವರ್ಷದ ಹಿಂದೆ ನಮಗೆ ದುಡ್ಡು ಕೊಡುವವರೊಬ್ಬರು ಕೇಳಿದರು, "ಎಷ್ಟು ಶಾಲೆ, ಎಷ್ಟು ಮಕ್ಕಳು ಭಾಗವಹಿಸ್ತಾರೆ?" ನಮ್ಮ ಅಧ್ಯಕ್ಷರು "ಬಹಳ" ಎಂದರು. "ಬಹಳ ಅಂದರೆ ಎಷ್ಟು?" ಎಂದು ಅವರು ಮತ್ತೆ ಕೇಳಿದರು. ಎಲ್ಲರೂ ನನ್ನ ಮುಖ ನೋಡಿದರು. ಅಲ್ಲಿಂದ ಶುರುವಾಯಿತು ಈ ಕಥೆ.

ಆ್ಯಪ್ ತಂದದ್ದು ಒಬ್ಬ ಹುರುಪಿನ ಸದಸ್ಯ. ಪ್ರತಿ ಮಗುವಿಗೆ ಒಂದು ಕಾರ್ಡು. ಬಾಗಿಲಲ್ಲಿ ಸ್ಕ್ಯಾನ್ ಮಾಡಿದರೆ ಹಾಜರಿ ಬಿತ್ತು. ತಿಂಗಳ ಕೊನೆಗೆ ಬಣ್ಣಬಣ್ಣದ ವರದಿ. ನೋಡಲು ಚಂದವೇ ಇತ್ತು, ಸುಳ್ಳು ಹೇಳಬಾರದು.

ತೊಂದರೆ ಬಂದದ್ದು ಮೊದಲ ಆಟದಲ್ಲೇ. ಶನಿವಾರ ರಾತ್ರಿ 9:30ಕ್ಕೆ ಶುರು. 22 ಮಕ್ಕಳು ಕಾರ್ಡು ತೋರಿಸಿ ಚೌಕಿಗೆ, ಅಂದರೆ ಬಣ್ಣದ ಕೋಣೆಗೆ, ಹೋದರು. ಬಣ್ಣ ಹಚ್ಚಿಕೊಂಡರು, ಕುಣಿದರು. ಮಂಗಳ ಹಾಡಿ ಆಟ ಮುಗಿಯುವಾಗ ರಾತ್ರಿ ಒಂದು ಗಂಟೆ. ಹೊರಗೆ ಹೋಗುವಾಗ ಮತ್ತೆ ಸ್ಕ್ಯಾನ್. ಮರುದಿನ ವರದಿ ತೆಗೆದು ನೋಡುತ್ತೇನೆ, ಶನಿವಾರ 22 ಮಕ್ಕಳು ಬಂದಿದ್ದಾರೆ, ಒಬ್ಬರೂ ಹೊರಗೆ ಹೋಗಿಲ್ಲ. ಭಾನುವಾರ ಮತ್ತೆ 22 ಮಕ್ಕಳು ಬಂದಿದ್ದಾರೆ. ಒಟ್ಟು 44! ಆ್ಯಪಿನ ಪ್ರಕಾರ ರಾತ್ರಿ ಹನ್ನೆರಡಕ್ಕೆ ದಿನ ಮುಗಿಯುತ್ತದೆ. ನಮ್ಮ ಕಡೆ ಆಟದ ದಿನ ಹಾಗೆ ಮುಗಿಯುತ್ತದೆಯಾ? ಬೆಳಗಿನ ತನಕ ನೋಡಿ, ಚಾ ಕುಡಿದು, ಮನೆಗೆ ಬಂದು ಮಲಗಿದವರಿಗೆ ಗೊತ್ತು, ಅದೆಲ್ಲ ಒಂದೇ ರಾತ್ರಿ.

ಸಹಾಯವಾಣಿಗೆ ಫೋನ್ ಮಾಡಿದೆ. ಬಹಳ ಮರ್ಯಾದೆಯಿಂದ ಮಾತಾಡಿದರು. "ಸರ್, ಎರಡು ಕಾರ್ಯಕ್ರಮ ಅಂತ ಹಾಕಿ" ಎಂದರು. ಎರಡು ಹಾಕಿದರೂ 44 ಅಲ್ವಾ? "ಹಾಗಾದರೆ 11:59ಕ್ಕೆ ಮುಗಿಸಿ ಸರ್." ಹಾಡಿ ಆಟ ನಡೆಸುವ ಭಾಗವತರ ಹತ್ತಿರ ಹೋಗಿ, ಹನ್ನೆರಡು ಬಡಿಯುವ ಮೊದಲು ಮಂಗಳ ಹಾಡಿಬಿಡಿ ಎನ್ನುವ ಧೈರ್ಯ ನನಗಿಲ್ಲ. ಇದ್ದವರು ಹೋಗಿ ಹೇಳಲಿ.

ಇದಾದರೂ ಕೈಯಿಂದ ತಿದ್ದಬಹುದಿತ್ತು. ಆದರೆ ಅದರ ಹಿಂದೆಯೇ ಇನ್ನೊಂದು ಎದ್ದಿತು. ಒಂದು ಸಣ್ಣ ಶಾಲೆಯ ಆರು ಮಕ್ಕಳು ಮೂರು ತಿಂಗಳು ಶನಿವಾರ, ಭಾನುವಾರ ಹೆಜ್ಜೆ ಕಲಿಯಲು ಬಂದರು. 24 ತರಗತಿ. ಆ್ಯಪ್ ಗುಣಿಸಿ 144 ಎಂದು ತೋರಿಸಿತು. ಪಟ್ಟಣದ ಒಂದು ದೊಡ್ಡ ಶಾಲೆ 60 ಮಕ್ಕಳನ್ನು ಬಸ್ಸಿನಲ್ಲಿ ತಂದು, ಒಂದು ತಾಸು ಕೂರಿಸಿ, ಬಾಳೆಹಣ್ಣು ಕೊಟ್ಟು ಕರೆದುಕೊಂಡು ಹೋಯಿತು. ಅದಕ್ಕೆ 60. ಸಣ್ಣ ಶಾಲೆ ಮೇಲೆ ಬಂತಲ್ಲ ಎಂದು ನನಗೆ ಖುಷಿಯೇ ಆಯಿತು. ನಮಗೆ ಬೇಕಾದ ಉತ್ತರ ಬಂದಾಗ ಲೆಕ್ಕ ಯಾರು ಪರೀಕ್ಷೆ ಮಾಡುತ್ತಾರೆ? ವರದಿ ಹಾಗೆಯೇ ಕಳಿಸಿದೆ.

ದುಡ್ಡು ಕೊಡುವವರು ಫೋನ್ ಮಾಡಿದರು. "ಈ ಶಾಲೆಯಲ್ಲಿ ಒಟ್ಟು ಮಕ್ಕಳೇ 38. 144 ಮಕ್ಕಳು ಎಲ್ಲಿಂದ ಬಂದರು?"

ನಾನು ನಿವೃತ್ತನಾಗುವ ತನಕ ಸೊಸೈಟಿಯಲ್ಲಿ ಲೆಕ್ಕ ಬರೆದವನು. ಆ ದಿನದ ನಾಚಿಕೆ ಇನ್ನೂ ಹೋಗಿಲ್ಲ. ಹಾಜರಿ ಬೇರೆ, ಮಕ್ಕಳು ಬೇರೆ. ದಿನಕ್ಕೆ ಎರಡು ಹೊತ್ತು ಡೈರಿಗೆ ಹಾಲು ಹಾಕುವ ಒಬ್ಬನನ್ನು ತಿಂಗಳ ಕೊನೆಗೆ 60 ಜನ ಎಂದು ಯಾರಾದರೂ ಬರೆಯುತ್ತಾರಾ? ಆ್ಯಪ್ ಬರೆದಿತ್ತು, ನಾನು ಸಹಿ ಹಾಕಿದ್ದೆ.

ಇನ್ನು ಗೂಗಲ್ ಫಾರ್ಮ್. ಪುಕ್ಕಟೆ, ಅದೊಂದು ಒಳ್ಳೆಯದು. ಹೆಡ್ ಮಾಸ್ತರಿಗೆ ಕಳಿಸಿದರೆ ಅವರೇ ತುಂಬಿ ಕಳಿಸುತ್ತಾರೆ ಎಂದುಕೊಂಡೆವು. ಅವರಿಗೆ ಈಗಾಗಲೇ ಮಕ್ಕಳ ವಿವರ ತುಂಬುವ ಸ್ಯಾಟ್ಸ್ ಇದೆ, ಶಾಲೆಯ ವಿವರ ತುಂಬುವ ಯುಡೈಸ್ ಇದೆ, ಬಿಸಿಯೂಟದ ಲೆಕ್ಕ ಇದೆ. ನಮ್ಮದು ನಾಲ್ಕನೆಯದು. ಒಬ್ಬರು ರಾತ್ರಿ ಹತ್ತೂವರೆಗೆ ತುಂಬಿದ್ದರು. ಎಲ್ಲಕ್ಕೂ "ಹೌದು".

"ನಿಮ್ಮ ಶಾಲೆ ಸ್ಥಳೀಯ ಕಲೆಯಲ್ಲಿ ಭಾಗವಹಿಸಿದೆಯೇ?" ಎಂಬ ಪ್ರಶ್ನೆಗೆ 14ರಲ್ಲಿ 13 ಶಾಲೆ ಹೌದು ಎಂದವು. ಇಲ್ಲ ಎಂದದ್ದು ಒಂದೇ. ಅಲ್ಲಿಗೆ ಹೋಗಿ ನೋಡಿದರೆ, ಪ್ರತಿ ಶನಿವಾರ ಪ್ರಾರ್ಥನೆಯ ನಂತರ ಹಾಲಕ್ಕಿ ಸಮುದಾಯದ ಮಕ್ಕಳು ಅಜ್ಜಿಯಿಂದ ಕಲಿತ ಹಾಡು ಹೇಳುತ್ತಾರೆ. ಉಳಿದ ಮಕ್ಕಳು ಸೊಲ್ಲು ಸೇರಿಸುತ್ತಾರೆ. "ಮತ್ತೆ ಇಲ್ಲ ಅಂತ ಯಾಕೆ ಬರೆದಿರಿ ಅಕ್ಕೋರೇ?" ಎಂದು ಅಲ್ಲಿಯ ಶಿಕ್ಷಕಿಯನ್ನು ಕೇಳಿದೆ. "ಅದು ಕಾರ್ಯಕ್ರಮ ಅಲ್ಲವಲ್ಲ ಸರ್. ಸುಮ್ನೆ ಹಾಡೋದು. ಸರ್ಟಿಫಿಕೇಟ್ ಎಲ್ಲ ಇಲ್ಲ" ಎಂದರು. ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಇಂಥ ಹಾಡಿಗೇ. ನಮ್ಮ ಫಾರ್ಮಿನಲ್ಲಿ ಅದಕ್ಕೆ ಸೊನ್ನೆ.

ಫಾರ್ಮ್ ಕಳಿಸಿದ ತಿಂಗಳೂ ತಪ್ಪಾಗಿತ್ತು. ನಾವು ಆಗಸ್ಟಿನಲ್ಲಿ ಕಳಿಸಿದೆವು. ಆಗ ಇಲ್ಲಿ ಮಳೆ ಬಿಟ್ಟರೆ ಬೇರೆ ಏನಿರುತ್ತದೆ? ಯಕ್ಷಗಾನ ಮೇಳಗಳ ತಿರುಗಾಟ ಶುರುವಾಗುವುದು ನವೆಂಬರಿನ ಹೊತ್ತಿಗೆ. ಸುಗ್ಗಿ ಕುಣಿತ ಹೋಳಿಯ ಆಸುಪಾಸು, ಸರಿಯಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನಗಳಲ್ಲಿ. ಹತ್ತನೇ ತರಗತಿಯ ಹುಡುಗರ ಕಾಲಂ ಖಾಲಿ ಇದ್ದರೆ ಅವರಿಗೆ ಆಸಕ್ತಿ ಇಲ್ಲ ಎಂದಲ್ಲ. ಶಿರಸಿಯಲ್ಲಿರುವ ನನ್ನ ಭಾವ ಇನ್ನೊಂದು ಮಾತು ಹೇಳಿದರು. ಅಲ್ಲಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ಇಲ್ಲದ ವರ್ಷ ಹೋಳಿ ಹಬ್ಬಕ್ಕೆ ಬೇಡರ ವೇಷದ ಕುಣಿತ. ಒಂದೇ ವರ್ಷದ ಲೆಕ್ಕ ತೆಗೆದರೆ ಎರಡರಲ್ಲಿ ಒಂದು ಬಿಟ್ಟೇ ಹೋಗುತ್ತದೆ. ಶಿರಸಿಯವರು ಎರಡು ವರ್ಷ ಸೇರಿಸಿಯೇ ನೋಡಬೇಕು.

ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿಸುವುದನ್ನೂ ನೋಡಿದೆವು. ಎರಡನೇ ವರ್ಷ ಮೊದಲ ವರ್ಷದ ಫೋಟೋವೇ ಬಂತು. ಬಿಟ್ಟೆವು.

"ಇಷ್ಟೆಲ್ಲ ಯಾಕೆ, ಪ್ರತಿಭಾ ಕಾರಂಜಿಯ ಪಟ್ಟಿ ತಗೊಂಡರೆ ಆಯಿತಲ್ಲ" ಎಂದವರೂ ಇದ್ದಾರೆ. ಅದು ಕ್ಲಸ್ಟರಿನಿಂದ ತಾಲೂಕು, ಅಲ್ಲಿಂದ ಜಿಲ್ಲೆ, ರಾಜ್ಯ ಎಂದು ಏರುವ ಸ್ಪರ್ಧೆ. ಮೇಲೆ ಹೋದಷ್ಟೂ ಮಕ್ಕಳು ಕಡಿಮೆ ಆಗುತ್ತಾರೆ. ಮತ್ತೊಂದು ವಿಚಾರ ಇದೆ. ನಮ್ಮ ಕಡೆಯ ಒಂದು ಶಾಲೆ ಜಾನಪದ ನೃತ್ಯಕ್ಕೆ ಕಂಸಾಳೆ ಮಾಡಿತು. ಮಕ್ಕಳು ಚೆನ್ನಾಗಿ ಮಾಡಿದರು, ನಾನೇ ಚಪ್ಪಾಳೆ ತಟ್ಟಿದೆ. ಆದರೆ ಕಂಸಾಳೆ ಮಲೆ ಮಹದೇಶ್ವರ ಬೆಟ್ಟದ ಕಡೆಯದು. ಅದನ್ನು ಸ್ಥಳೀಯ ಕಲೆ ಎಂದು ಬರೆಯುವುದು ಹೇಗೆ? ಕಲೆಯ ಲೆಕ್ಕಕ್ಕೆ ಸೇರಲಿ, ಊರಿನ ಕಲೆಯ ಲೆಕ್ಕಕ್ಕೆ ಬೇಡ.

ಇಂಗ್ಲೆಂಡಿನಲ್ಲಿ ಆರ್ಟ್ಸ್ ಕೌನ್ಸಿಲ್ ಶಾಲೆಗಳಿಗೆ ಆರ್ಟ್ಸ್‌ಮಾರ್ಕ್ ಎಂಬ ಮನ್ನಣೆ ಕೊಡುತ್ತದೆ. ಬೆಳ್ಳಿ, ಚಿನ್ನ, ಪ್ಲಾಟಿನಂ ಎಂದು ಮೂರು ಮಟ್ಟ. ಶಾಲೆಯೇ ತಾನು ಏನು ಮಾಡುತ್ತೇನೆ, ಏನು ಮಾಡಿದೆ ಎಂದು ಬರೆದುಕೊಡಬೇಕು. ಮಗ ಇದನ್ನು ತೋರಿಸಿದ ಮೇಲೆ ನಾವೂ ಒಂದು ಪುಟ ಬರೆದುಕೊಡಿ ಎಂದು ಕೇಳಿದೆವು. 14ರಲ್ಲಿ ಎರಡು ಬಂದವು. ಒಂದು ಬಹಳ ಚೆನ್ನಾಗಿತ್ತು. ಇನ್ನೊಂದು ವಾರ್ಷಿಕೋತ್ಸವದ ಸ್ವಾಗತ ಭಾಷಣ.

ಈಗ ಪುಸ್ತಕಕ್ಕೆ ಬರುತ್ತೇನೆ. ರಟ್ಟಿನ ಹೊದಿಕೆಯ ಉದ್ದ ಪುಸ್ತಕ, ಕುಮಟಾ ಪೇಟೆಯಲ್ಲಿ 80 ರೂಪಾಯಿ. ಸೊಸೈಟಿಯ ಅಭ್ಯಾಸದಂತೆ ಮುಂದಿನಿಂದ ಕಿರ್ದಿ (ದಿನದ ಲೆಕ್ಕ), ಹಿಂದಿನಿಂದ ಖತಾವಣಿ (ಒಬ್ಬೊಬ್ಬರ ಖಾತೆ). ಕಿರ್ದಿಯಲ್ಲಿ ದಿನದ ಹಾಜರಿ. ಖತಾವಣಿಯಲ್ಲಿ ಶಾಲೆಗೆ ಎರಡು ಪುಟ, ಮಗುವಿಗೆ ಒಂದೇ ಸಾಲು. ಮಗು 24 ಸಲ ಬಂದರೂ ಸಾಲು ಒಂದೇ, ಮುಂದೆ ಗೀಟು 24. ಆ 144ರ ಗಂಟು ಇಲ್ಲಿ ತಾನಾಗಿ ಬಿಚ್ಚಿಕೊಂಡಿತು.

ಪ್ರತಿ ಹೆಸರಿನ ಮುಂದೆ ಒಂದು ಅಕ್ಷರ ಹಾಕುತ್ತೇನೆ. "ನೋ" ಅಂದರೆ ನೋಡಿದ್ದು, "ಕ" ಅಂದರೆ ಕಲಿತದ್ದು, "ಆ" ಅಂದರೆ ಆಡಿದ್ದು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಮೇಳ ಕಟ್ಟಿದ ಗುಣವಂತೆ ನಮಗೆ ಹತ್ತಿರವೇ. ಈ ಸೀಮೆಯಲ್ಲಿ ಆಟ ನೋಡದ ಮಗು ಹುಡುಕಿದರೂ ಸಿಗುವುದು ಕಷ್ಟ. ಶಾಲೆ ಕರೆದುಕೊಂಡು ಬರದಿದ್ದರೂ ಅಜ್ಜನ ಜೊತೆ ಬಂದು ನೋಡುತ್ತದೆ, ಅರ್ಧಕ್ಕೆ ಅಲ್ಲೇ ನಿದ್ದೆಯನ್ನೂ ಮಾಡುತ್ತದೆ. ಹಾಗಾಗಿ "ನೋ" ಎಷ್ಟೇ ಇರಲಿ, ನಾನು ಅದಕ್ಕೆ ಜಾಸ್ತಿ ಬೆಲೆ ಕೊಡುವುದಿಲ್ಲ.

ಕಷ್ಟ ಬಂದದ್ದು "ಆ" ಕಾಲಂನಲ್ಲಿ. ಒಂದು ಶಾಲೆ ಒಬ್ಬಳು ಹುಡುಗಿಯನ್ನು ತನ್ನ ಸಾಧನೆ ಎಂದು ಬರೆಸಿತು. ಅವಳಿಗೆ ಕಲಿಸಿದ್ದು ಮನೆಯಲ್ಲಿ ಅಜ್ಜ. ಆಟದ ಶುರುವಿಗೆ ಚಿಕ್ಕವರು ಹಾಕುವ ಬಾಲಗೋಪಾಲ ವೇಷದಿಂದಲೇ ರಂಗದಲ್ಲಿ ಇದ್ದಾಳೆ. ಇದರಲ್ಲಿ ಶಾಲೆಯದು ಎಂತ ಇದೆ ಎಂದು ನಾನು ಕೊಂಕು ತೆಗೆದೆ. ಅವಳ ಮಾಸ್ತರು ಬಿಸಿಯಾದರು. "ರಾತ್ರಿ ಆಟ ಇದ್ದ ಮರುದಿನ ಅವಳಿಗೆ ಮೊದಲ ಎರಡು ಪಿರಿಯಡ್ ಬಿಡ್ತೇವೆ. ತಪ್ಪಿದ ಪಾಠ ಸಂಜೆ ನಾನೇ ಹೇಳಿಕೊಡ್ತೇನೆ. ಇದು ನಿಮ್ಮ ಪುಸ್ತಕದಲ್ಲಿ ಎಲ್ಲಿ ಬರ್ತದೆ?"

ಎಲ್ಲಿಯೂ ಬರುತ್ತಿರಲಿಲ್ಲ. ಮನೆಗೆ ಬಂದು ಸ್ಕೇಲು ತೆಗೆದು ಇನ್ನೊಂದು ಗೆರೆ ಎಳೆದೆ. "ಶಾಲೆ ಏನು ಬಿಟ್ಟುಕೊಟ್ಟಿತು?" ಪಿರಿಯಡ್ ಬಿಟ್ಟಿತಾ, ಕೋಣೆ ಕೊಟ್ಟಿತಾ, ಮಾಸ್ತರು ಸಂಜೆ ಉಳಿದರಾ, ಟೆಂಪೋ ಬಾಡಿಗೆ ಯಾರು ಕೊಟ್ಟರು. ಈಗ ನಾನು ಮೊದಲು ನೋಡುವುದೇ ಈ ಕಾಲಂ. 60 ಮಕ್ಕಳನ್ನು ತಂದ ದೊಡ್ಡ ಶಾಲೆ ಕೊಟ್ಟದ್ದು ಒಂದು ತಾಸು, ಅದೂ ಪರೀಕ್ಷೆ ಮುಗಿದ ಮೇಲೆ. ಆರು ಮಕ್ಕಳ ಸಣ್ಣ ಶಾಲೆ ಇರುವ ಎರಡು ಕೋಣೆಯಲ್ಲಿ ಒಂದರ ಬೀಗದ ಕೈಯನ್ನು ನಮ್ಮ ಕೈಗೇ ಕೊಟ್ಟಿತ್ತು. ಆ್ಯಪಿನಲ್ಲಿ ಇಂಥ ಕಾಲಂ ಸೇರಿಸಲು ಕೇಳಿದೆ. ಅದಕ್ಕೆ ಮೇಲಿನ ಪ್ಲಾನ್ ತಗೋಬೇಕಂತೆ.

ಪುಸ್ತಕದ ದೋಷ ಮುಚ್ಚಿಡುವುದಿಲ್ಲ. ಬರೆಯಲು ಒಬ್ಬ ಮನುಷ್ಯ ಬೇಕು, ಆ ಮನುಷ್ಯ ನಾನೇ. ಆಟ ನೋಡುವುದು ಬಿಟ್ಟು ಚೌಕಿ ಬಾಗಿಲಲ್ಲಿ ಕೂರಬೇಕು. ಚಂಡೆ ಬಿದ್ದಾಗ ಕಾಲು ರಂಗದ ಕಡೆ ಎಳೆಯುತ್ತದೆ. ಒಂದೇ ತರಗತಿಯಲ್ಲಿ ಇಬ್ಬರು ಗಣೇಶರು ಇದ್ದು ಒಂದು ತಿಂಗಳು ಒಬ್ಬನ ಗೀಟು ಇನ್ನೊಬ್ಬನಿಗೆ ಹೋಗಿತ್ತು. ಮಳೆಗಾಲದಲ್ಲಿ ಹಾಳೆ ಹಸಿಯಾಗಿ ಶಾಯಿ ಹರಡಿತು, ಈಗ ಬಾಲ್ ಪೆನ್ ಮಾತ್ರ. ಪುಸ್ತಕ ಕಳೆದರೆ ಎಲ್ಲ ಹೋಯಿತು ಎಂಬ ಹೆದರಿಕೆಗೆ ತಿಂಗಳಿಗೊಮ್ಮೆ ಪುಟಗಳ ಫೋಟೋ ತೆಗೆದು ಮಗನಿಗೆ ಕಳಿಸುತ್ತೇನೆ. ಅವನು "ಇದನ್ನೇ ಎಕ್ಸೆಲ್‌ನಲ್ಲಿ ಹಾಕಬಹುದಲ್ಲ ಅಪ್ಪ" ಎನ್ನುತ್ತಾನೆ. ಹಾಕು ಎಂದಿದ್ದೇನೆ. ಇನ್ನೂ ಹಾಕಿಲ್ಲ.

ಪುಸ್ತಕದ ಜೊತೆಗೆ ಒಂದು ಸಣ್ಣ ಕೆಲಸ ಇಟ್ಟುಕೊಂಡಿದ್ದೇನೆ. ವರ್ಷಕ್ಕೊಮ್ಮೆ, ಫೆಬ್ರವರಿಯಲ್ಲಿ, ತರಗತಿಗೆ ಹೋಗಿ ಕೈ ಎತ್ತಿಸುವುದು. "ಮದ್ದಳೆ ಮುಟ್ಟಿದವರು ಯಾರು? ಏಕತಾಳ ಕೈಯಲ್ಲಿ ಹಾಕಿ ತೋರಿಸುವವರು ಯಾರು?" ಮೊದಲ ಪ್ರಶ್ನೆಗೆ ಎಲ್ಲ ಕೈ ಮೇಲೆ. ಎರಡನೆಯದಕ್ಕೆ ಅರ್ಧ ಕೈ ಕೆಳಗೆ ಬರುತ್ತವೆ. ಹತ್ತು ನಿಮಿಷದ ಕೆಲಸ, ಖರ್ಚಿಲ್ಲ. ಖತಾವಣಿಯ ಪುಟಕ್ಕೂ ಈ ಕೈಗಳಿಗೂ ಬಹಳ ವ್ಯತ್ಯಾಸ ಕಂಡರೆ ಎಲ್ಲೋ ತಪ್ಪಿದ್ದೇನೆ ಎಂದು ಗೊತ್ತಾಗುತ್ತದೆ.

ಯಾವುದು ಯಾರಿಗೆ ಎಂದು ಕೇಳಿದರೆ, ನಿಮ್ಮ ಹತ್ತಿರ ನೂರಿನ್ನೂರು ಶಾಲೆ ಇದ್ದು, ಕಾರ್ಯಕ್ರಮ ಹಗಲಿನಲ್ಲೇ ಮುಗಿಯುವುದಾದರೆ ಆ್ಯಪ್ ನಡೆದೀತು. ನಮ್ಮದು 14 ಶಾಲೆ. ಲೆಕ್ಕಕ್ಕೆ ಎಂದು ಸಂಘ ವರ್ಷಕ್ಕೆ ಕೊಡುವುದು ಸಾವಿರ ರೂಪಾಯಿ. ನನಗೆ ಗೆರೆ ಎಳೆಯುವ ಚಟ ಮೊದಲಿನಿಂದ ಇದೆ, ಸಂಜೆ ಎಲೆಯಡಿಕೆಯ ಕವಳ ಹಾಕಿಕೊಂಡು ಖತಾವಣಿ ತಾಳೆ ನೋಡಲು ಬೇಸರವೂ ಇಲ್ಲ. ಈ ಎರಡೂ ಇಲ್ಲದವರಿಗೆ ನನ್ನ ಸಲಹೆ ಉಪಯೋಗಕ್ಕೆ ಬರಲಿಕ್ಕಿಲ್ಲ.

ಹೋದ ತಿಂಗಳು ದುಡ್ಡು ಕೊಡುವವರಿಗೆ ಹೊಸ ವರದಿ ಕೊಟ್ಟೆ. ಆ ಸಣ್ಣ ಶಾಲೆಯ ಮುಂದೆ ಹೀಗೆ ಬರೆದಿದ್ದೆ: ಮಕ್ಕಳು 6, ಹಾಜರಿ 144, ಬಿಟ್ಟುಕೊಟ್ಟದ್ದು ಒಂದು ಕೋಣೆ. ಅವರು ಎರಡು ಸಲ ಓದಿದರು. "ಇದು ಕಳೆದ ಸಲದ 144 ಅಲ್ವಾ?" ಎಂದರು. ಹೌದು, ಅದೇ ಎಂದೆ.