ಬೆಂಗಳೂರು–ದುಬೈ–ಅಮೆರಿಕ: ಪ್ರೀಮಿಯಂ ಎಕಾನಮಿ ಎಲ್ಲಿವರೆಗೆ ಸಾಕು, ಬಿಸಿನೆಸ್ ಎಲ್ಲಿಂದ ಬೇಕು

ದುಬೈನ ವಿಮಾನ ಸಂಸ್ಥೆ ಎಮಿರೇಟ್ಸ್‌ನ ಎರಡಂತಸ್ತಿನ ವಿಮಾನ ಎ380 ಬೆಂಗಳೂರಿಗೆ ಬರತೊಡಗಿದ್ದು 2022ರ ಅಕ್ಟೋಬರ್‌ನಲ್ಲಿ. ಮರುವರ್ಷ ಅದರಲ್ಲಿ ಎಕಾನಮಿಗೂ ಬಿಸಿನೆಸ್‌ಗೂ ನಡುವಿನ ದರ್ಜೆಯಾದ ಪ್ರೀಮಿಯಂ ಎಕಾನಮಿಯೂ ಸೇರಿತು. ದುಬೈಗೆ ಸುಮಾರು ನಾಲ್ಕು ಗಂಟೆಯ ದಾರಿ. ಹತ್ತುವ ಇಳಿಯುವ ಗಡಿಬಿಡಿ, ಊಟದ ಟ್ರಾಲಿ ಎಲ್ಲ ಕಳೆದರೆ ನಿದ್ದೆಗೆ ಉಳಿಯುವುದು ಎರಡು, ಎರಡೂವರೆ ಗಂಟೆ. ಅಷ್ಟಕ್ಕೆ ಬಿಸಿನೆಸ್ ಟಿಕೆಟ್ ಶುದ್ಧ ದುಂದು.

ಪ್ರೀಮಿಯಂ ಎಕಾನಮಿ ಇರುವುದು ಕೆಳಗಿನ ಅಂತಸ್ತಿನ ಮುಂಭಾಗದಲ್ಲಿ: 56 ಸೀಟು, 2-4-2 ಜೋಡಣೆ, ಅಂದರೆ ಒಂದು ಸಾಲಿನಲ್ಲಿ ಎರಡೂ ಕಿಟಕಿ ಬದಿಗೆ ಎರಡೆರಡು, ನಡುವೆ ನಾಲ್ಕು. ಸಾಲಿಂದ ಸಾಲಿಗೆ 40 ಇಂಚು, ಸೀಟಿನ ಅಗಲ 19.5 ಇಂಚು, ಬೆನ್ನು ಹಿಂದಕ್ಕೆ ವಾಲುವುದು 8 ಇಂಚು. ಮೀನಖಂಡಕ್ಕೂ ಪಾದಕ್ಕೂ ಆಸರೆ ಇದೆ. ಆದರೆ ಟ್ರೇ ಕೈಯೊರಗಿನೊಳಗೆ ಮಡಚಿಕೊಳ್ಳುವುದರಿಂದ ಕೈಯೊರಗನ್ನು ಮೇಲೆತ್ತಲು ಬರುವುದಿಲ್ಲ. ಮಗುವನ್ನು ಎರಡು ಸೀಟಿಗೆ ಅಡ್ಡಲಾಗಿ ಮಲಗಿಸುವ ಯೋಚನೆ ಇದ್ದರೆ ಈಗಲೇ ಬಿಡಿ. ಲೌಂಜ್ ಈ ಟಿಕೆಟ್‌ನಲ್ಲಿ ಸೇರಿಲ್ಲ.

ದುಬೈನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹದಿನಾರು ಗಂಟೆ ಹತ್ತಿರ. ಅಲ್ಲಿ ಇದೇ ಸೀಟು ಸೋಲುತ್ತದೆ. ವಾಲಿದ ಸೀಟಿನಲ್ಲಿ ಮೈ ಮೆಲ್ಲಗೆ ಮುಂದಕ್ಕೆ ಜಾರಿ, ಭಾರವೆಲ್ಲ ಸೊಂಟದ ಕೆಳಗೆ ಬೀಳುತ್ತದೆ. ವಯಸ್ಸಾದ ಅಪ್ಪ ಅಮ್ಮನನ್ನು ಮಕ್ಕಳ ಮನೆಗೆ ಕಳಿಸುವವರು ದುಡ್ಡು ಸುರಿಯಬೇಕಾದ್ದು ಈ ಭಾಗಕ್ಕೆ.

ಎ380ರ ಬಿಸಿನೆಸ್ ಮೇಲಿನ ಅಂತಸ್ತಿನಲ್ಲಿ, 1-2-1. ಸೀಟು ಪೂರ್ತಿ ಚಪ್ಪಟೆ ಹಾಸಿಗೆಯಾಗುತ್ತದೆ. ಇಲ್ಲಿ ಸೀಟಿನ ಅಕ್ಷರ ನೋಡಿ ಆರಿಸಬೇಕು. ಎ ಮತ್ತು ಕೆ ಕಿಟಕಿಗೇ ಅಂಟಿಕೊಂಡಿರುತ್ತವೆ, ಓಡಾಟದ ದಾರಿಗೂ ನಿಮಗೂ ನಡುವೆ ಮೇಜು ಅಡ್ಡ ಇರುತ್ತದೆ. ಬಿ, ಜೆ ಸೀಟುಗಳಲ್ಲಿ ಮೇಜು ಕಿಟಕಿ ಕಡೆಗೆ ಹೋಗಿ, ನೀವು ದಾರಿಯ ಅಂಚಿಗೆ ಬರುತ್ತೀರಿ. ಗಂಡ ಹೆಂಡತಿಗೆ ಇ-ಎಫ್ ಅಕ್ಕಪಕ್ಕ. ಡಿ-ಜಿ ತೆಗೆದುಕೊಂಡರೆ ಮಧ್ಯೆ ಎರಡು ಮೇಜು.

ಬೋಯಿಂಗ್ 777 ಆದರೆ ಹುಷಾರು. ನವೀಕರಿಸದ ವಿಮಾನಗಳಲ್ಲಿ ಬಿಸಿನೆಸ್ ಇನ್ನೂ 2-3-2. ಅಷ್ಟು ದುಡ್ಡು ಕೊಟ್ಟು ಇಬ್ಬರ ನಡುವೆ ಸಿಕ್ಕಿಕೊಳ್ಳುವುದು ನ್ಯಾಯವಲ್ಲ. ಬಿಸಿನೆಸ್‌ನಲ್ಲೇ ಅಗ್ಗದ ‘ಸ್ಪೆಷಲ್’ ದರಕ್ಕೆ ಲೌಂಜ್ ಇಲ್ಲ, ಮನೆಯಿಂದ ಕರೆದೊಯ್ಯುವ ಕಾರೂ ಇಲ್ಲ.

ಎರಡೂ ಭಾಗ ಒಂದೇ ಪಿಎನ್‌ಆರ್‌ನಲ್ಲಿರಲಿ. ಬೇರೆ ಬೇರೆ ಟಿಕೆಟ್ ಮಾಡಿಸಿದ್ದು, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಹೊಣೆ ನಿಮ್ಮದೇ ಆಗುತ್ತದೆ. ಹೊರಡುವ ಎರಡು ದಿನ ಮೊದಲು ಸೀಟ್ ಮ್ಯಾಪ್ ಮತ್ತೊಮ್ಮೆ ತೆರೆದು ನೋಡಿ. ವಿಮಾನ ಬದಲಾಗಿದ್ದರೆ ನೀವು ಆರಿಸಿಟ್ಟ ಸೀಟು ಸದ್ದಿಲ್ಲದೆ ಬೇರೆ ಕಡೆ ಹೋಗಿರುತ್ತದೆ.